ಛತ್ರದವರ ಕ್ಯಾಮೆರಾ, ನಮ್ಮ ಹುಡುಗನ ಕ್ಯಾಮೆರಾ

ಗೆಳೆಯರೇ, ಮನೇಲಿ ಮದುವೆ ಇಟ್ಟುಕೊಂಡು ಛತ್ರ ಹುಡುಕ್ತಿರುವವರು ಇದನ್ನ ಓದಿ. ಸ್ವಲ್ಪ ಉದ್ದ ಇದೆ.

ಈಚೆಗೆ ಎಷ್ಟೋ ಕನ್ವೆನ್ಷನ್ ಹಾಲುಗಳಲ್ಲಿ ಬರೀ ಜಾಗ ಬಾಡಿಗೆಗೆ ಸಿಗೋದಿಲ್ಲ. ಅಡುಗೆ, ಡೆಕೋರೇಷನ್, ಫೋಟೋ, ವಿಡಿಯೋ ಎಲ್ಲ ಸೇರಿ ಒಂದು ಪ್ಯಾಕೇಜು. ಅಗ್ರಿಮೆಂಟಿನ ಕೊನೆ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ಷರತ್ತು ಇರುತ್ತೆ: ಫೋಟೋ ಹಾಲಿನವರದ್ದೇ, ಹೊರಗಿನ ಫೋಟೋಗ್ರಾಫರ್ ಬಂದರೆ ಇಷ್ಟು ಕಟ್ಟಬೇಕು. ಹೆಣ್ಣಿನ ಅಪ್ಪ ತಾರೀಕು ಸಿಕ್ಕಿದ್ದೇ ಪುಣ್ಯ ಅಂತ ಸಹಿ ಹಾಕಿ ಅಡ್ವಾನ್ಸ್ ಕೊಟ್ಟು ಬರ್ತಾನೆ.

ನಮ್ಮಕ್ಕನ ಮಗಳ ಮದುವೆಯಲ್ಲೂ ಇದೇ ಆಯ್ತು. ಫೋಟೋ ತೆಗೆಯೋಕೆ ನಮ್ಮ ಕೇರಿ ಹುಡುಗನಿಗೆ ಮೊದಲೇ ಹೇಳಿದ್ದೆವು. ಅವನ ಅಪ್ಪ ತಮಟೆ ಬಡೀತಿದ್ದೋನು. ಊರಿನ ಮದುವೆಗಳಿಗೆಲ್ಲ ಅವನ ತಮಟೆ ಬೇಕು, ಆದರೆ ಚಪ್ಪರದೊಳಗೆ ಅವನು ಬರಂಗಿಲ್ಲ. ಎಲ್ಲರ ಊಟ ಆದ ಮೇಲೆ ಹಿತ್ತಲಲ್ಲಿ ಅವನಿಗೆ ಎಲೆ. ಆ ಅಪ್ಪನ ಮಗ ಇವತ್ತು ಇಎಂಐ ಕಟ್ಟಿಕೊಂಡು ಕ್ಯಾಮೆರಾ ತಗೊಂಡಿದ್ದಾನೆ, ಸ್ಟೇಜ್ ಮೇಲೆ ನಿಂತು "ಸಾರ್ ಸ್ವಲ್ಪ ಈ ಕಡೆ, ಮೇಡಂ ನೀವು ಮುಂದೆ ಬನ್ನಿ" ಅಂತ ಎಲ್ಲ ಜಾತಿಯವರನ್ನೂ ನಿಲ್ಲಿಸ್ತಾನೆ. ಇದು ಸಣ್ಣ ಬದಲಾವಣೆ ಅಲ್ಲ.

ಹಾಲಿನ ಮ್ಯಾನೇಜರ್ ಹೇಳಿದ್ದು: "ಹೊರಗಿನವರು ಬಂದ್ರೆ 15,000 ಆಗುತ್ತೆ ಸಾರ್. ಎಲ್ರಿಗೂ ಒಂದೇ ರೂಲು." ಅವರು ಜಾತಿ ಕೇಳಿ ತಡೆದರು ಅಂತ ನಾನು ಹೇಳ್ತಿಲ್ಲ. ರೂಲು ಎಲ್ಲರಿಗೂ ಒಂದೇ ಇರಬಹುದು. ಆದರೆ ಹಾಲ್ ಕಟ್ಟೋಕೆ ಜಮೀನು ಯಾರ ಹತ್ರ ಇತ್ತು, ಬ್ಯಾಂಕ್ ಸಾಲ ಯಾರಿಗೆ ಸಿಕ್ತು, ಒಂದೇ ಕ್ಯಾಮೆರಾ ನಂಬಿಕೊಂಡು ಬದುಕೋರು ಯಾರು ಅಂತ ಕೇಳಿ ನೋಡಿ. ಹಿಂದೆ ಚಪ್ಪರದ ಹೊರಗೆ ನಿಲ್ಲಿಸೋಕೆ ಜಾತಿ ಸಾಕಿತ್ತು. ಈಗ ಆ ಕೆಲಸವನ್ನ ರಸೀದಿ ಮಾಡುತ್ತೆ.

ಬೇಡಿ ಕಾಡಿ ಕೊನೆಗೆ ನಮ್ಮ ಹುಡುಗನನ್ನ "ಸೆಕೆಂಡ್ ಕ್ಯಾಮೆರಾ" ಅಂತ ಒಳಗೆ ಬಿಟ್ಟರು. ಮುಹೂರ್ತದ ಹೊತ್ತಿಗೆ ಸ್ಟೇಜ್ ಹತ್ತಂಗಿಲ್ಲ ಅನ್ನೋ ಷರತ್ತಿನ ಮೇಲೆ. ನಮ್ಮ ಮದುವೆಯಲ್ಲಿ ಮುಹೂರ್ತವೇ ಇರಲಿಲ್ಲ. ಬುದ್ಧ, ಬಾಬಾಸಾಹೇಬರ ಫೋಟೋಗೆ ಹೂವಿಟ್ಟು, ಸಂವಿಧಾನದ ಪೀಠಿಕೆ ಓದಿ, ಹಾರ ಬದಲಾಯಿಸಿಕೊಳ್ಳೋದು ಅಷ್ಟೇ. ಹಾಲಿನ ಹುಡುಗನಿಗೆ ಕಲಿಸಿದ ಪಟ್ಟಿಯಲ್ಲಿ ಧಾರೆ ಇದೆ, ತಾಳಿ ಇದೆ, ಸಪ್ತಪದಿ ಇದೆ. ಪೀಠಿಕೆ ಇಲ್ಲ. ಪೀಠಿಕೆ ಓದುವಾಗ ಅವನು ಕ್ಯಾಮೆರಾ ಇಳಿಸಿ ನಿಂತಿದ್ದ, ಮದುವೆ ಇನ್ನೂ ಶುರುವಾಗಿಲ್ಲ ಅಂದ್ಕೊಂಡು.

ಆ ಹೊತ್ತಿನ ಫೋಟೋ ತೆಗೆದದ್ದು ಕೆಳಗೆ ನಿಂತಿದ್ದ ನಮ್ಮ ಹುಡುಗ. ಅಕ್ಷರ ಬಾರದ ನಮ್ಮವ್ವ ಬಲಗೈ ಮುಂದೆ ಚಾಚಿ, ಹೇಳಿಕೊಟ್ಟ ಹಾಗೆ ಒಂದೊಂದೇ ಮಾತು ಹೇಳ್ತಿದ್ದಾಳೆ. ನಮ್ಮ ಮನೆಯ ಆಲ್ಬಂನಲ್ಲಿ ಅದಕ್ಕಿಂತ ದೊಡ್ಡ ಫೋಟೋ ಇಲ್ಲ.

ನಮ್ಮ ಅಜ್ಜ ಅಜ್ಜಿಯರ ಮದುವೆ ಫೋಟೋ ನಮ್ಮಲ್ಲಿ ಎಷ್ಟು ಜನರ ಮನೇಲಿದೆ? ಬಾಬಾಸಾಹೇಬರು ಮತ್ತು ರಮಾಬಾಯಿ ಅವರ ಮದುವೆ ನಡೆದದ್ದು ಮುಂಬೈನ ಬೈಕುಲ್ಲಾ ಮಾರುಕಟ್ಟೆಯಲ್ಲಿ, ವ್ಯಾಪಾರ ಮುಗಿದ ಮೇಲೆ, ರಾತ್ರಿ ಹೊತ್ತು. ಆ ಮಾರುಕಟ್ಟೆಯೇ ಅವರಿಗೆ ಮಂಟಪ. ಅಲ್ಲಿಂದ ಎಸಿ ಹಾಲಿನವರೆಗೆ ಬಂದಿದ್ದೇವೆ. ಹಾಲಿನೊಳಗೆ ನಮ್ಮ ನೆನಪನ್ನ ಯಾರು ಬರೀತಾರೆ ಅನ್ನೋದು ಈಗಿನ ಪ್ರಶ್ನೆ. ಪ್ಯಾಕೇಜಿನ ಆಲ್ಬಂ ಬಂದಾಗ ಅದರಲ್ಲಿ ನಮ್ಮ ಹುಡುಗಿ ಹಾಲಿನಂತೆ ಬೆಳ್ಳಗಾಗಿದ್ದಳು. ಅವಳೇ ನೋಡಿ "ಮಾವ, ಇದ್ಯಾರು?" ಅಂದಳು.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಅದು ಅಂತರ್ಜಾತಿ ಮದುವೆ. ಗಂಡಿನ ಕಡೆ ಕೆಲವರು ಒಪ್ಪಿರಲಿಲ್ಲ. ಮಕ್ಕಳು ಸ್ವಲ್ಪ ದಿನ ಫೋಟೋ ಎಲ್ಲೂ ಹಾಕೋದು ಬೇಡ ಅಂತ ನಿರ್ಧರಿಸಿದ್ದರು. ಅವತ್ತು ಸಂಜೆಯೇ ಹಾಲಿನವರ ಪೇಜಿನಲ್ಲಿ ಇಬ್ಬರ ಹೆಸರಿನ ಸಮೇತ ರೀಲ್ಸ್ ಬಂತು. ತೆಗೆಸೋಕೆ ಮರುದಿನ ಮಧ್ಯಾಹ್ನ ಆಯ್ತು. ಅವರಿಗೆ ಅದು ಜಾಹೀರಾತು. ಇವರಿಗೆ ಪ್ರಾಣದ ಪ್ರಶ್ನೆ. ಇಂಥ ಜೋಡಿಗಳಿಗೆ ಜಿಲ್ಲೆಗೊಂದು ವಿಶೇಷ ಘಟಕ ಮಾಡಿ ರಕ್ಷಣೆ ಕೊಡಿ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. ಹೀಗೆ ಹೇಳಬೇಕಾದ ನಾಡಿನಲ್ಲಿ ಮದುವೆ ಫೋಟೋ ಬರೀ ಫೋಟೋ ಅಲ್ಲ.

ಹಾಗಂತ ಹಾಲಿನ ಕ್ಯಾಮೆರಾ ಹುಡುಗನ ಮೇಲೆ ಸಿಟ್ಟು ಬೇಡ. ಊಟದ ಹೊತ್ತಿಗೆ ಮಾತಾಡಿಸಿದೆ. ಅವನೂ ಒಂದು ಕಾಲೋನಿಯವನೇ. ದಿನಗೂಲಿ. "ಕಾರ್ಡೂ ನನ್ನ ಹತ್ರ ಇರಲ್ಲಣ್ಣ, ಸಂಜೆ ಆಫೀಸಿಗೆ ಕೊಟ್ಟು ಹೋಗ್ಬೇಕು" ಅಂದ. ಅವನು ತೆಗೆದ ಫೋಟೋ ಮೇಲೆ ಅವನ ಹೆಸರೂ ಇರಲ್ಲ. ಆರತಕ್ಷತೆಗೆ ಈ ಇಬ್ಬರೇ ಕೂತು ಕೆಲಸ ಹಂಚಿಕೊಂಡರು. ಸ್ಟೇಜ್ ಮೇಲೆ ಬಂದವರ ಸಾಲು ಅವನದ್ದು. ಊಟದ ಮನೆ, ಅಜ್ಜಿಯರು, ಮಕ್ಕಳು, ಪಾತ್ರೆ ತೊಳೆಯೋ ಹೆಂಗಸರು ಇವನದ್ದು. ಒಬ್ಬರ ಫ್ಲ್ಯಾಶ್ ಇನ್ನೊಬ್ಬರಿಗೆ ಅಡ್ಡ ಬರಲಿಲ್ಲ. ಕೆಲಸ ಮಾಡೋರಿಗೆ ಹಂಚಿಕೊಳ್ಳೋದು ಗೊತ್ತು, ರೂಲು ಮಾಡೋರಿಗೆ ಬೇಕಾಗಿಲ್ಲ.

ಈಗ ಕಾನೂನು. ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಅಂತ ಕಟ್ಟಿಹಾಕುವುದನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತೆ, ಕಲಂ 2(41) ನೋಡಿ. ಸಹಾಯವಾಣಿ 1915. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಇನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 17ರ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವನೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ "ಬೇರೆ ಒಪ್ಪಂದ"ವನ್ನೇ ಸಣ್ಣಕ್ಷರದಲ್ಲಿ ತುರುಕಿರ್ತಾರೆ. ಅದಕ್ಕೇ ಓದಿ ಅನ್ನೋದು.

ಅಡ್ವಾನ್ಸ್ ಕೊಡೋ ಮುಂಚೆ ಇಷ್ಟು ಕೇಳಿ, ಬರೆಸಿಕೊಳ್ಳಿ:

ಫೋಟೋ ಬಿಟ್ಟು ಹಾಲಿನ ಬಾಡಿಗೆ ಎಷ್ಟು?

ನಮ್ಮ ಫೋಟೋಗ್ರಾಫರ್ ಬಂದರೆ ದುಡ್ಡು ಕೇಳಂಗಿಲ್ಲ. ಸ್ಟೇಜ್ ಮೇಲೆ ಅವನಿಗೂ ಜಾಗ.

ಇಬ್ಬರಿದ್ದರೆ ಯಾರು ಎಲ್ಲಿ ನಿಲ್ತಾರೆ ಅಂತ ಹಿಂದಿನ ದಿನವೇ ತೀರ್ಮಾನ.

ಎಡಿಟ್ ಮಾಡದ ಫೋಟೋಗಳೂ ಹಾರ್ಡ್ ಡಿಸ್ಕಿನಲ್ಲಿ ನಮಗೆ ಬರಬೇಕು. ಬಣ್ಣ ಬಿಳಿ ಮಾಡಂಗಿಲ್ಲ.

ಹೆಣ್ಣು, ಗಂಡು ಇಬ್ಬರೂ ಬರೆದು ಒಪ್ಪದೆ ಒಂದು ಫೋಟೋ ಕೂಡ ಹಾಲಿನ ಪೇಜಿಗೆ ಹೋಗಂಗಿಲ್ಲ.

ಒಪ್ಪದಿದ್ದರೆ ಅಂಬೇಡ್ಕರ್ ಭವನ ಇದೆ, ಸಮುದಾಯ ಭವನ ಇದೆ, ಮನೆ ಮುಂದೆ ಶಾಮಿಯಾನ ಇದೆ. ಉಳಿದ ದುಡ್ಡಲ್ಲಿ ನಮ್ಮ ಹುಡುಗರಿಗೆ ಸರಿಯಾದ ಕೂಲಿ ಕೊಡಿ. "ನಮ್ಮೋನೇ ಅಲ್ವಾ" ಅಂತ ಚೌಕಾಸಿ ಮಾಡಬೇಡಿ. ಕ್ಯಾಮೆರಾದ ಇಎಂಐ ಜಾತಿ ನೋಡಿ ಕಮ್ಮಿ ಆಗಲ್ಲ.

ಜೈಭೀಮ್.