ದೊಡ್ಡಪ್ಪನ ಆಪರೇಷನ್

ಎಮರ್ಜೆನ್ಸಿ ಕಾಲದ ಮಾತು. ಅವರೆಕಾಯಿ ಸುಗ್ಗಿ ಅನ್ನುವುದಂತೂ ಗಟ್ಟಿಯಾಗಿ ನೆನಪಿದೆ. ಮನೆ ತುಂಬ ಸೊಗಡಿನ ವಾಸನೆ, ಹೊರಗೆ ಕೊರೆಯುವ ಇಬ್ಬನಿ, ಹಿತಕಿದ ಬೇಳೆ ಸಾರಿನ ಆಸೆಗೆ ಮಕ್ಕಳೆಲ್ಲ ಸುತ್ತ ಕೂತು ಕಾಳು ಹಿಸುಕುತ್ತಿದ್ದೆವು. ಆಗ ಜಗಲಿಗೆ ಬಂದು ಕೂತವರು ನಮ್ಮ ಮೇಷ್ಟ್ರು. ಬಡಮಕ್ಕಳಿಗೆ ತಾವೇ ಸ್ಲೇಟು, ಬಳಪ ಕೊಡಿಸುತ್ತಿದ್ದ ಒಳ್ಳೆಯ ಮನುಷ್ಯ. ಅಜ್ಜಿ ಕೊಟ್ಟ ಮಜ್ಜಿಗೆಯನ್ನೂ ಅವತ್ತು ಮುಟ್ಟಲಿಲ್ಲ. ‘ಕೇಸು’ ತಂದರೆ ಸಂಬಳ, ಇಲ್ಲದಿದ್ದರೆ ಇಲ್ಲ ಅಂತ ಮೇಲಿನವರು ಹೇಳಿದ್ದರಂತೆ. ಕೇಸು ಅಂದರೆ ಗಂಡಸರ ಆಪರೇಷನ್‌ಗೆ ಒಪ್ಪಿದವನು. ಜೀಪಿನ ಸದ್ದು ಕೇಳಿದರೆ ಸಾಕು, ಊರಿನ ಗಂಡಸರು ಕಬ್ಬಿನ ಗದ್ದೆ ಹೊಗುತ್ತಿದ್ದ ಕಾಲ ಅದು.

ದೊಡ್ಡಪ್ಪ ಮಾತು ಕಮ್ಮಿಯ ಆಸಾಮಿ. ಊಟಕ್ಕೆ ಕೂತರೆ ಮುದ್ದೆಯ ಮೊದಲ ತುತ್ತು ಎತ್ತುಗಳ ಪಾಲು ಅಂತ ತೆಗೆದಿಡುತ್ತಿದ್ದ. ಮೂರನೇ ಹೆರಿಗೆಯಲ್ಲಿ ದೊಡ್ಡಮ್ಮನಿಗೆ ರಕ್ತ ಹೋಗಿ, ಸರಿರಾತ್ರಿಯಲ್ಲಿ ಗಾಡಿ ಕಟ್ಟಿ ಪೇಟೆಗೆ ಹೊಡೆದಿದ್ದವನು ಅವನೇ. ಮೇಷ್ಟ್ರ ಮುಖವನ್ನೊಮ್ಮೆ ನೋಡಿ, “ಬತ್ತೀನಿ ಬುಡಿ ಸೋಮಿ” ಅಂದ.

ಅಜ್ಜಿ ಎದೆ ಬಡಿದುಕೊಂಡಳು. “ಲೋ, ಹೋರಿಗೆ ಬೀಜ ಒಡೆದಂಗೆ ಒಡೀತಾರೆ ಕಣ್ಲಾ! ಆಮೇಲೆ ನೇಗಿಲು ಹಿಡಿಯೋರು ಯಾರು? ಬೇಕಾದ್ರೆ ಅವಳಿಗೇ ಮಾಡ್ಸು.”

“ಅವಳು ಪಟ್ಟಿದ್ದು ಸಾಕು ಕಣವ್ವ” ಅಂದು ದೊಡ್ಡಪ್ಪ ಟವಲು ಕೊಡವಿಕೊಂಡು ಎದ್ದ.

ಅಜ್ಜಿಯದು ಬರೀ ಮೌಢ್ಯ ಅಂತ ನಾನು ಹೇಳಲಾರೆ. ಗಂಡಿಗೆ ಕತ್ತರಿ ಹಾಕುವುದು ಅಂದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದದ್ದು ದನದ ಕೊಟ್ಟಿಗೆಯ ಆ ಕೆಲಸ ಒಂದೇ. ಇಲ್ಲಿ ಬೀಜವನ್ನು ಮುಟ್ಟುವುದೇ ಇಲ್ಲ, ವೀರ್ಯಾಣು ಸಾಗುವ ನಾಳವನ್ನಷ್ಟೇ ಕತ್ತರಿಸಿ ಕಟ್ಟುತ್ತಾರೆ, ಗಂಡಸಿನ ಹಾರ್ಮೋನು ಎಂದಿನಂತೆ ರಕ್ತಕ್ಕೆ ಸೇರುತ್ತದೆ ಅಂತ ಅವಳಿಗೆ ಕೂರಿಸಿ ಹೇಳಿದವರು ಯಾರು? ಹಿಡಿದೊಯ್ಯುವ ಅವಸರದಲ್ಲಿ ವಿವರಿಸಿ ಹೇಳುವ ಕೆಲಸವೇ ಬಿಟ್ಟುಹೋಗಿತ್ತು.

ಆಪರೇಷನ್ ಮುಗಿಸಿ ದೊಡ್ಡಪ್ಪ ಬಸ್ಸಿಗೆ ಬಂದನೋ ಜೀಪಲ್ಲೋ ಮರೆತಿದ್ದೇನೆ. ಸಂಜೆಗೆ ಮನೆಯಲ್ಲಿದ್ದ, ಬಿಸಿ ಸಾರು ಕೇಳಿ ಹಾಕಿಸಿಕೊಂಡು ಉಂಡ. ರಾಗಿ ಒಕ್ಕಣೆ ಹೊತ್ತಿಗೆ ಮೂಟೆಯನ್ನೂ ಎತ್ತಿದ. ಅವನು ಮೂಟೆಗೆ ಕೈ ಹಾಕಿದಾಗಲೆಲ್ಲ ಕಣದಲ್ಲಿದ್ದವರ ಮಾತು ನಿಲ್ಲುತ್ತಿತ್ತು. ಆಮೇಲೆ ಎಷ್ಟೋ ವರ್ಷ ಅವನೇ ನೇಗಿಲು ಹಿಡಿದ, ಆದರೂ ಅಷ್ಟು ಸಾಕ್ಷಿ ಊರಿಗೆ ಸಾಲಲಿಲ್ಲ.

ಅವನ ಜೊತೆ ಹೋದ ಇನ್ನೊಬ್ಬನ ಮನೆಯಲ್ಲಿ ಆದದ್ದು ಬೇರೆ. ಆಪರೇಷನ್ ಆದ ಮೇಲೆ ಮೂರು ತಿಂಗಳು ನಿರೋಧ್ ಬಳಸಬೇಕು, ಒಳಗೆ ಉಳಿದ ವೀರ್ಯಾಣು ಖಾಲಿಯಾಗಲು ಅಷ್ಟು ಕಾಲ ಬೇಕು. ಅವನಿಗೆ ಯಾರೂ ಹೇಳಲಿಲ್ಲವೋ, ಕೇಳಿಯೂ ಬಿಟ್ಟನೋ. ಹೆಂಡತಿ ಬಸುರಾದಳು. ಊರ ನಾಲಿಗೆ ಹರಿದದ್ದು ಅವಳ ಶೀಲದ ಮೇಲೆ. ಆ ತಾಯಿ ಎಷ್ಟೋ ದಿನ ಬಾವಿಗೆ ಹೊತ್ತು ಮುಳುಗಿದ ಮೇಲೆಯೇ ಬರುತ್ತಿದ್ದಳು. ದೊಡ್ಡಮ್ಮ ಮಾತ್ರ ಅವಳ ಜೊತೆ ಕೊಡ ಹಿಡಿದು ಹೋಗುತ್ತಿದ್ದಳು. ಇಂಥ ಒಂದು ಕಥೆ ಸಾಕು, ಹತ್ತು ಊರಿನ ಗಂಡಸರು ಹಿಂದೆ ಸರಿಯಲು.

1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಈ ಆಪರೇಷನ್ ಆಯಿತು, ಬಹಳ ಮಂದಿಗೆ ಬಲವಂತದಿಂದ. ಆ ಸಿಟ್ಟು ತಣಿಯಲಿಲ್ಲ. ಆಮೇಲೆ ಬಂದ ಸರ್ಕಾರಗಳು ಗಂಡಸರ ತಂಟೆಗೆ ಹೋಗದೆ ಹೆಂಗಸರ ಕಡೆ ತಿರುಗಿದವು. 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ನೆಲ ನಮ್ಮದು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಪರೇಷನ್ ಮಾಡಿಸಿಕೊಂಡ ವಿವಾಹಿತ ಹೆಂಗಸರು ನೂರಕ್ಕೆ 57, ಗಂಡಸರ ಲೆಕ್ಕ ಸೊನ್ನೆಯ ಆಸುಪಾಸು.

ಈಗ ಗಂಡಸರ ಆಪರೇಷನ್‌ಗೆ ಚಾಕು ಬೇಡ, ಹೊಲಿಗೆ ಬೇಡ, ಸಣ್ಣದೊಂದು ರಂಧ್ರದಲ್ಲಿ ಕೆಲಸ ಮುಗಿಯುತ್ತದೆ. ಹೆಂಗಸರದಾದರೆ ಹೊಟ್ಟೆಗೇ ಕೈ ಹಾಕಬೇಕು. ಇನ್ನು ಮಕ್ಕಳು ಸಾಕು ಅಂತ ನೀವಿಬ್ಬರೂ ತೀರ್ಮಾನಿಸಿದ್ದರೆ, ತಮ್ಮಾ, ಡಾಕ್ಟರು ಹೆಂಡತಿಯ ಹೆಸರು ಬರೆದುಕೊಳ್ಳುವ ಮುಂಚೆ ನಿನ್ನ ವಿಷಯ ನೀನೇ ಕೇಳು.