ಸಡಿಲ ಗೇರ್ ಲಿವರ್

ಅಪ್ಪನ 1998ರ ಕಾರಿನ ಗೇರ್ ಲಿವರ್ ನ್ಯೂಟ್ರಲ್‌ನಲ್ಲಿ ಗಾಳಿಗೆ ಸಿಕ್ಕ ಜೋಳದ ದಂಟಿನ ಹಾಗೆ ಆಡುತ್ತಿತ್ತು. ಮೂರನೇ ಗೇರ್ ಹುಡುಕಿದರೆ ಒಂದನೆಯದು ಸಿಗೋದು. ಗೇರ್‌ಬಾಕ್ಸೇ ಇಳಿಸಬೇಕು ಅಂದರು ಒಬ್ಬರು.

ಇನ್ನೊಬ್ಬ ಮೆಕ್ಯಾನಿಕ್ ಎಂಜಿನ್ ಆಫ್ ಮಾಡಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೆಳಗೆ ತೂರಿ, "ಲಿವರ್ ಅಲ್ಲಾಡಿಸಿ ಸರ್" ಅಂದರು. ಲಿವರ್ ಅಷ್ಟು ಆಡಿದರೂ ಗೇರ್‌ಬಾಕ್ಸ್‌ಗೆ ಹೋಗುವ ರಾಡು ಕದಲಲಿಲ್ಲ. ನಡುವಿನ ಪ್ಲಾಸ್ಟಿಕ್ ಬುಷ್ ಸವೆದು ಚೂರಾಗಿತ್ತು, ಬೆರಳಿನ ಉಂಗುರದಷ್ಟು ಚಿಕ್ಕದು! ಬುಷ್ ನೋಡದೆ ಗೇರ್‌ಬಾಕ್ಸ್ ಬಿಚ್ಚಲು ದಯವಿಟ್ಟು ಯಾರೂ ಒಪ್ಪಬೇಡಿ. ಹೊಸದು ಕೂರಿಸಿ, ಗ್ರೀಸ್ ಸವರಿ, ಬೋಲ್ಟ್ ಬಿಗಿದರು.

ಸಂಜೆ ಕೀ ಅಪ್ಪನ ಕೈಗೇ ಕೊಟ್ಟೆ. ಎರಡನೇ ಗೇರ್ ಟಕ್ ಅಂತ ಕೂತಾಗ ಅವರು ನನ್ನ ಕಡೆ ತಿರುಗಿ ನೋಡಿದರು.