ಗಾಲಿಯ ಕಾವಲುಗಾರ

ಶ್ರಾವಣಕ್ಕೆಂದು ಧಾರವಾಡಕ್ಕೆ ಹೊರಡಲು ಎರಡೇ ದಿನವಿರುವಾಗ ನಮ್ಮ ಕಾರಿನ ಎ.ಬಿ.ಎಸ್. ದೀಪ ಹೊತ್ತಿಕೊಂಡಿತು. ಬ್ರೇಕೇನೋ ಎಂದಿನಂತೆ ಹಿಡಿಯುತ್ತಿತ್ತು. ಆದರೆ ಜೋರಾಗಿ ಅದುಮಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ಕಾಯುವ ಏರ್ಪಾಡು, 2019ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು, ನಿದ್ದೆಹೋಗಿತ್ತು. ಮಳೆಯಲ್ಲಿ ಘಾಟ ಇಳಿಯುವವರಿಗೆ, ಅದೂ ಮಕ್ಕಳುಮರಿಗಳೊಡನೆ, ಇದು ಸಣ್ಣ ಮಾತೇ?

ಡೋಂಬಿವಲಿಯ ಮೇಸ್ತ್ರಿಯ ಯಂತ್ರ ಮುಂದಿನ ಎಡಗಾಲಿಯ ವೇಗ ಅರಿಯುವ ಸೆನ್ಸರನ್ನು ಬೊಟ್ಟುಮಾಡಿತು. ಯಂತ್ರ ಓಣಿಯನ್ನು ತೋರಿಸೀತು, ಮನೆಯನ್ನಲ್ಲ. ಆ ಪುಣ್ಯಾತ್ಮ ಕೆಸರು ತೊಳೆದು, ತಂತಿಯನ್ನು ಉದ್ದಕ್ಕೂ ತಡವಿ, ಕನೆಕ್ಟರ್ ಒರೆಸಿ, ಹಲ್ಲಿನ ಉಂಗುರವನ್ನೂ ನೋಡಿದ; ಎಲ್ಲ ನೆಟ್ಟಗೆ. ಓಡಿಸಿದರೆ ಮೂರು ಗಾಲಿಗಳು 20 ಎಂದಾಗ ಇದೊಂದು ಸೊನ್ನೆ! ಆಮೇಲೆಯೇ ಹೊಸದನ್ನು ತರಿಸಿದ. ಒಂದೇ ಬೋಲ್ಟು, ಹಳೆಯದು ತುಕ್ಕಿಗೆ ಅಂಟಿ ಅರ್ಧ ಗಂಟೆ ಕಾಡಿತು. ಕಲ್ಯಾಣ-ಶಿಳ್ ರಸ್ತೆಯಲ್ಲಿ ನಾಲ್ಕೂ ಒಂದೇ ಲೆಕ್ಕ ಹೇಳಿದವು.